ಅತ್ತಿಗೆಯ ಲಾಂಡ್ರಿಯ ತಿಳಿನೀರು

೧೮ ಜೂನ್ ೨೦೨೨

ಎಲೈ ನಾದಿನಿಯೇ! ಹಗಲಿರುಳು ದುಡಿಯುವ ಇರುವೆಗಳ ಮಹಾರಾಣಿಯೇ!

ನೀನು ಬಸ್ಸು ಹತ್ತಿದ ಗಳಿಗೆಯಿಂದ ನಮ್ಮ ಲಾಂಡ್ರಿಯ ಕೌಂಟರ್ ಬಿಕೋ ಎನ್ನುತ್ತಿದೆ. ಬಂದವರೆಲ್ಲ ಚೀಟಿ ಕೊಟ್ಟು ಬಟ್ಟೆ ಕೇಳುವ ಮೊದಲು ನಿನ್ನನ್ನೇ ಕೇಳುತ್ತಾರೆ. ನಾನು ಎದೆ ಸೆಟೆಸಿ ಹೇಳುತ್ತೇನೆ: "ಓದೋಕೆ ಹೋಗಿದ್ದಾಳೆ! ವ್ಯಾಪಾರದ ಡಿಗ್ರಿ! ಅದೂ ಎಂಥದ್ದು? ನೆಲ, ನೀರು, ಗಾಳಿ ಕೆಡದ ಹಾಗೆ ವ್ಯಾಪಾರ ಮಾಡೋದು ಹೇಗೆ ಅಂತ ಕಲಿಸೋ ಡಿಗ್ರಿ!" ಈ ಮಾತನ್ನು ಎಷ್ಟು ಜೋರಾಗಿ ಹೇಳಿದೆನೆಂದರೆ, ಎದುರಿನ ಟೈಲರ್ ಕತ್ತರಿ ಹಿಡಿದುಕೊಂಡೇ ರಸ್ತೆ ದಾಟಿ ಬಂದ.

"ಏನಮ್ಮಾ, ಚರಂಡಿ ತುಂಬ ನೊರೆ ಬಿಡೋ ಮನೆಯೋರು ಪರಿಸರ ಓದ್ತಾರಂತೆ? ಬೆಕ್ಕು ಹಾಲಿನ ಡೈರಿ ಇಟ್ಟ ಹಾಗಾಯ್ತು!"

"ನೀನು ಅಳತೆ ತೊಗೊಂಡ ಪ್ಯಾಂಟು ಇವತ್ತಿನ ತನಕ ಯಾರಿಗಾದ್ರೂ ಸರಿಹೋಗಿದ್ಯೇನಯ್ಯಾ? ಆದ್ರೂ ಅಂಗಡಿ ಇಟ್ಕೊಂಡಿಲ್ವಾ?" ಎಂದೆ. ಹಿಂದೆ ನಿಂತಿದ್ದ ನಮ್ಮ ಇಸ್ತ್ರಿ ತಾತ, "ಒನ್ಸ್ ಮೋರ್!" ಎಂದು ಕೂಗಿದ.

ಫೋನು ಮಾಡಬಾರದೇ ಎಂದು ನಿಮ್ಮಣ್ಣ ಕೇಳಿದರು. ಈ ಮೆಷಿನ್ನುಗಳ ಗಡಗಡದಲ್ಲಿ ನೀನು ಆಡಿದ್ದು ನನಗೆ ಕೇಳುವುದಿಲ್ಲ. ನಾನು ಆಡಿದ್ದು ನಿನ್ನ ಹಾಸ್ಟೆಲಿನ ಅಷ್ಟೂ ಜನಕ್ಕೆ ಕೇಳುತ್ತದೆ. ನಾಟಕದ ಕಂಪನಿಯಲ್ಲಿ ಹುಟ್ಟಿದವಳು ನಾನು. ರಾಜನ ಪಾರ್ಟಿನ ಅಪ್ಪ ರಂಗದ ಮೇಲೆ ಗರ್ಜಿಸುತ್ತಿದ್ದರೆ ನಾನು ಪರದೆಯ ಹಿಂದೆ ತೊಟ್ಟಿಲಲ್ಲಿ ಪ್ರತಿಗರ್ಜನೆ ಮಾಡುತ್ತಿದ್ದೆನಂತೆ. ಕಂಪನಿಯ ಬಟ್ಟೆ ಒಗೆಯಲು ಬಂದ ನಿಮ್ಮಣ್ಣ ಕಡೆಗೆ ಆ ಗಂಟಿನ ಜೊತೆ ನನ್ನನ್ನೂ ಕಟ್ಟಿಕೊಂಡು ಹೋದರು. ಇಂಥವಳ ಕೈಗೆ ಫೋನು ಕೊಡುವುದೆಂದರೆ ಕಾಡ್ಗಿಚ್ಚಿಗೆ ಬೀಸಣಿಗೆ ಕೊಟ್ಟಂತೆ. ಆದ್ದರಿಂದ ಪತ್ರ.

"ನನಗೀಗ ಮೂವತ್ತಾರು, ಈ ವಯಸ್ಸಲ್ಲಿ ಓದು ಬೇಕಾ ಅತ್ತಿಗೆ" ಎಂದು ಹೊರಡುವ ಹಿಂದಿನ ದಿನ ಅತ್ತೆಯಲ್ಲ? ಇಷ್ಟು ವರ್ಷ ಆ ಕೌಂಟರಿನಲ್ಲಿ ಕುಳಿತು ಚರಂಡಿಯ ಕಡೆ ನೋಡಿ ನೀನು ಬಿಡುತ್ತಿದ್ದ ನಿಟ್ಟುಸಿರು ನನ್ನ ಕಿವಿಗೆ ಬೀಳಲಿಲ್ಲವೆಂದುಕೊಂಡೆಯಾ? ಹೋಗು. ಗೆದ್ದು ಬಾ. ಕೌಂಟರನ್ನು ನಾನು ಕಾಯುತ್ತೇನೆ.

ನಿನ್ನ ಅತ್ತಿಗೆ

*

೯ ಜುಲೈ ೨೦೨೨

ಪ್ರೀತಿಯ ಅತ್ತಿಗೆ,

ನಿಮ್ಮ ಪತ್ರವನ್ನು ಓದಿ ಒಬ್ಬಳೇ ನಕ್ಕೆ. ಪಕ್ಕದ ಮಂಚದ ಹುಡುಗಿ, "ಆಂಟಿ, ಹುಷಾರಾಗಿದೀರಾ?" ಎಂದು ಕೇಳಿದಳು. ಇಲ್ಲಿ ನಾನು ಎಲ್ಲರಿಗೂ ಆಂಟಿ. ಮೊದಲ ದಿನ ತರಗತಿಯೊಳಗೆ ಕಾಲಿಟ್ಟಾಗ ಎಲ್ಲರೂ ಎದ್ದು ನಿಂತರು, ಪಾಠ ಮಾಡಲು ಬಂದವಳೆಂದುಕೊಂಡು. ನಾನು ಹೋಗಿ ಕಡೆಯ ಬೆಂಚಿನಲ್ಲಿ ಕುಳಿತಾಗ ಅವರಿಗೆ ಕುಳಿತುಕೊಳ್ಳಬೇಕೋ ನಿಂತಿರಬೇಕೋ ತಿಳಿಯಲಿಲ್ಲ.

ಪಾಠ ಕಷ್ಟವಿದೆ. ಆದರೆ ಕಷ್ಟಪಡಲು ಆಸೆಯಾಗುವಂಥ ಕಷ್ಟ. ನಮ್ಮ ಗೈಡ್ ಒಬ್ಬರು ಮೇಡಂ, ಕಡ್ಡಿಯಂತೆ ಸಪೂರ, ಮಾತೂ ಅಷ್ಟೇ ಸಪೂರ. ಮೊದಲ ಪಾಠದಲ್ಲಿ ಅವರು ಹೇಳಿದ್ದು ಇದು: "ಒಂದು ಖರ್ಚನ್ನ ನೀವು ಬರೆದಿಲ್ಲ ಅಂದ್ರೆ ಅದು ಇಲ್ಲ ಅಂತಲ್ಲ. ಅದನ್ನ ಬೇರೆ ಯಾರೋ ಹೊರ್ತಿದ್ದಾರೆ ಅಂತ. ಹೊಳೆ ಹೊರ್ತಿರಬಹುದು, ಪಕ್ಕದ ಮನೆಯೋರು ಹೊರ್ತಿರಬಹುದು." ನನಗೆ ನಮ್ಮ ಓಣಿ ನೆನಪಾಯಿತು.

ಅತ್ತಿಗೆ, ಒಂದು ಮುಖ್ಯವಾದ ವಿಷಯ. ಇಲ್ಲಿ ಪ್ರತಿಯೊಬ್ಬರೂ ನಡೆಯುತ್ತಿರುವ ಒಂದು ಉದ್ಯಮವನ್ನು ಆರಿಸಿಕೊಂಡು ಎರಡು ವರ್ಷ ಅದರ ಮೇಲೆ ಪ್ರಾಜೆಕ್ಟ್ ಮಾಡಬೇಕು. ನವೆಂಬರ್ ಮುಗಿಯುವುದರೊಳಗೆ ಗೈಡ್ ಒಪ್ಪದಿದ್ದರೆ ಎರಡನೆಯ ವರ್ಷಕ್ಕೆ ಸೇರಿಸುವುದಿಲ್ಲ, ಮನೆಗೆ ಹೊರಡಬೇಕು. ನಾನು ನಮ್ಮ ಲಾಂಡ್ರಿಯನ್ನೇ ಹೇಳಿದ್ದೇನೆ. ಬಹಳ ಅಭಿಮಾನದಿಂದ ಹೇಳಿದ್ದೇನೆ. ಮುಂದಿನ ತಿಂಗಳು ಮೇಡಂ ನೋಡಲು ಬರುತ್ತಾರೆ. ಸ್ವಂತ ಮನೆಯ ಉದ್ಯಮವಾದ್ದರಿಂದ ನಾನು ಜೊತೆಗೆ ಬರುವಂತಿಲ್ಲವಂತೆ.

ನೀವು ಏನೂ ವಿಶೇಷ ಏರ್ಪಾಡು ಮಾಡಬೇಡಿ. ಹೇಗಿದೆಯೋ ಹಾಗೇ ಇರಲಿ.

ನನ್ನನ್ನು ಇಲ್ಲಿಗೆ ಕಳಿಸಿದ್ದಕ್ಕೆ ಎಷ್ಟು ಸಲ ಉಪಕಾರ ಹೇಳಿದರೂ ಸಾಲದು. ಅಣ್ಣನಿಗೆ ಬಾಯ್ಲರಿನ ಹತ್ತಿರ ಹೆಚ್ಚು ಹೊತ್ತು ನಿಲ್ಲಬೇಡವೆಂದು ಹೇಳಿ.

ನಿಮ್ಮ ನಾದಿನಿ

*

೧೪ ಆಗಸ್ಟ್ ೨೦೨೨

ಎಲೈ ಇರುವೆಯೇ! ಜಯಭೇರಿ! ಜಯಭೇರಿ!

ನಿನ್ನ ಕಡ್ಡಿ ಮೇಡಂ ಬಂದರು, ಕಂಡರು, ಬೆರಗಾದರು!

ಹೇಗಿದೆಯೋ ಹಾಗೇ ಇರಲಿ ಎಂದು ಬರೆದಿದ್ದೆ. ಆಹಾ! ಮದುವೆಗೆ ಕರೆಯುವವರೂ ಉಡುಗೊರೆ ಬೇಡವೆಂದೇ ಹೇಳುತ್ತಾರೆ. ಅಷ್ಟು ಅರ್ಥಮಾಡಿಕೊಳ್ಳದಿದ್ದರೆ ನಾನು ನಿನ್ನ ಅತ್ತಿಗೆಯೇ?

ಬೆಳಿಗ್ಗೆಯಿಂದಲೇ ನೆಲ ಕನ್ನಡಿಯಾಗಿತ್ತು. ಇಸ್ತ್ರಿ ತಾತ ಕ್ಷೌರ ಮಾಡಿಸಿಕೊಂಡು ಗುರುತೇ ಸಿಗದಂತಿದ್ದ. ಬಾಯ್ಲರಿನ ಪಕ್ಕದ ಮೂಲೆಗೆ ನಮ್ಮ ಹಳೆಯ ಕಂಪನಿಯ ಪರದೆಯನ್ನು ಇಳಿಬಿಟ್ಟಿದ್ದೆ, ಅಡವಿಯ ಸೀನಿನ ಪರದೆ. ಮೇಡಂ ಅದರ ಮುಂದೆ ನಿಂತು, "ಎಷ್ಟು ಹಸಿರಾಗಿದೆ" ಎಂದರು. ನಿಮ್ಮಣ್ಣನಿಗೆ ಅದೇ ಹೊತ್ತಿಗೆ ಕೆಮ್ಮು ಬಂತು.

ಆಮೇಲೆ ಹಿತ್ತಲಿಗೆ ಹೋಗಿ ಚರಂಡಿಯ ಪಕ್ಕ ಕುಕ್ಕರಗಾಲಲ್ಲಿ ಕುಳಿತರು. ಅಷ್ಟು ದೊಡ್ಡ ಮನುಷ್ಯರು! ಕೊಳವೆಯಿಂದ ನೀರು ಬಂತು ನೋಡು, ತಿಳಿನೀರು! ತಳದ ಕಲ್ಲು ಕಾಣುತ್ತಿತ್ತು!

"ಇದು ಮೆಷಿನ್ನಿಂದ ಬರ್ತಿರೋ ನೀರೇನಾ?"

"ಅಲ್ಲದೆ ಮತ್ತೆ? ಬೇಕಿದ್ರೆ ಮುಖ ತೊಳ್ಕೊಳ್ಳಿ ಮೇಡಂ!"

"ನಾನು ಎಷ್ಟೋ ಲಾಂಡ್ರಿ ನೋಡಿದೀನಿ. ಇಂಥದ್ದನ್ನ ಮಾತ್ರ ನೋಡಿಲ್ಲ," ಎಂದರು. ಈ ಕಿವಿಗಳಿಂದಲೇ ಕೇಳಿದೆ. ಬಂದ ದಾರಿಯನ್ನೇ ನೋಡುತ್ತಾ, ಏನನ್ನೋ ಯೋಚಿಸುತ್ತಾ ಹೊರಟರು. ನಿನಗೆ ಎಷ್ಟು ಅಂಕ ಕೊಡಬೇಕೆಂದು ಲೆಕ್ಕ ಹಾಕುತ್ತಿದ್ದರೆಂದು ಕಾಣುತ್ತದೆ.

ನಿಮ್ಮಣ್ಣ ಅವತ್ತಿನಿಂದ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ಅದು ಬೇರೆ ವಿಷಯ, ನೀನು ತಲೆ ಕೆಡಿಸಿಕೊಳ್ಳಬೇಡ.

ವಿಜಯೀ ಅತ್ತಿಗೆ

*

೨೨ ಸೆಪ್ಟೆಂಬರ್ ೨೦೨೨

ಪ್ರೀತಿಯ ಅತ್ತಿಗೆ,

ಮೇಡಂ ನಿಮ್ಮನ್ನು ತುಂಬ ಹೊಗಳಿದರು. ಇಷ್ಟೆಲ್ಲ ಮಾಡಿದ್ದಕ್ಕೆ ಬಹಳ ಉಪಕಾರ.

ಇಲ್ಲಿ ಓದು ಜಾಸ್ತಿ, ಅದಕ್ಕೇ ಬರೆಯುವುದು ತಡವಾಯಿತು. ಊರಾಚೆ ಬಿಸ್ಕತ್ತಿನ ಡಬ್ಬಿ ಮಾಡುವ ಒಂದು ಕಾರ್ಖಾನೆ ಇದೆ. ಪ್ರಾಜೆಕ್ಟಿಗೆ ಅದು ಹೊಂದುತ್ತದೆಯೋ ಎಂದು ನೋಡಿಕೊಂಡು ಬರುತ್ತಿದ್ದೇನೆ. ನನ್ನ ಆರೋಗ್ಯ ಚೆನ್ನಾಗಿದೆ.

ಅಣ್ಣನಿಗೆ ನೆನಪು ತಿಳಿಸಿ.

ನಿಮ್ಮ ನಾದಿನಿ

*

೧೯ ಅಕ್ಟೋಬರ್ ೨೦೨೨

ಬಿಸ್ಕತ್ತಿನ ಡಬ್ಬಿಯ ಶ್ರೀಮತಿಯವರಿಗೆ,

ತಮ್ಮ ಪತ್ರ ತಲುಪಿತು. ಪತ್ರವೋ, ಲಾಂಡ್ರಿಯ ಚೀಟಿಯೋ ಎಂದು ತಿರುಗಿಸಿ ನೋಡಿದೆ. ಇಸ್ತ್ರಿ ತಾತನಿಗೆ ಓದಿ ಹೇಳಲು ಕುಳಿತೆ. ಅವನು ಸ್ಟೂಲು ಎಳೆದುಕೊಂಡು ಬಂದು ಕುಳಿತುಕೊಳ್ಳುವುದರೊಳಗೆ ಓದಿ ಮುಗಿದಿತ್ತು.

"ಡಬ್ಬಿ ಕಾರ್ಖಾನೆ ಯಾಕಂತೆ? ನಮ್ಮ ಲಾಂಡ್ರಿಗೆ ಏನಾಯ್ತಂತೆ?" ಎಂದು ಕೇಳಿದ. ಏನು ಹೇಳಲಿ? ನೀವೇ ಹೇಳಿಕೊಡಿ.

ಅರ್ಥವಾಯಿತು ತಾಯಿ, ಅರ್ಥವಾಯಿತು. ಅಲ್ಲಿ ನಿಮ್ಮ ಜೊತೆ ಓದುವವರು ದೊಡ್ಡ ದೊಡ್ಡ ಕಂಪನಿಗಳ ಹೆಸರು ಹೇಳುತ್ತಿರುತ್ತಾರೆ. ಅವರ ನಡುವೆ ಎದ್ದು ನಿಂತು, ಊರವರ ಕೊಳೆ ಬಟ್ಟೆ ಒಗೆಯುವ ಮನೆಯವಳು ನಾನೆಂದು ಹೇಳಲು ನಾಚಿಕೆಯಾಗಿರಬೇಕು. ಆಗಲಿ. ಹತ್ತಿದ ಏಣಿಯನ್ನು ಒದೆಯುವುದು ಲೋಕರೂಢಿ. ಆದರೆ ಏಣಿಗೂ ನೋವಾಗುತ್ತದೆ ಎಂಬುದನ್ನು ಆ ನಿಮ್ಮ ಡಿಗ್ರಿಯಲ್ಲಿ ಎಲ್ಲಾದರೂ ಒಂದು ಕಡೆ ಬರೆದುಕೊಳ್ಳಿ.

ಇದರ ಮೇಲೆ ಬರೆಯಲು ನನಗೆ ಪುರಸೊತ್ತಿಲ್ಲ.

ಲಾಂಡ್ರಿಯವಳು

*

೧೦ ನವೆಂಬರ್ ೨೦೨೨

ಅತ್ತಿಗೆ,

ನಿಮ್ಮ ಪತ್ರವನ್ನು ಓದಿದೆ. ಹೇಳಬಾರದೆಂದುಕೊಂಡಿದ್ದೆ. ಈಗ ಹೇಳದೆ ವಿಧಿಯಿಲ್ಲ.

ನಮ್ಮ ಲಾಂಡ್ರಿಯನ್ನು ಮೇಡಂ ಒಪ್ಪಲಿಲ್ಲ. ಕೊಳಕಾಗಿದೆ ಎಂದಲ್ಲ. ತೀರಾ ಚೊಕ್ಕಟವಾಗಿದೆ ಎಂದು.

"ನೀವು ಮಾಡಬೇಕಾದ್ದನ್ನೆಲ್ಲ ನಿಮ್ಮ ಅತ್ತಿಗೆ ಆಗ್ಲೇ ಮಾಡಿಬಿಟ್ಟಿದ್ದಾರೆ. ಅಲ್ಲಿ ನಿಮಗೇನು ಕೆಲಸ? ಕಾಯಿಲೆ ಇರೋ ಕಡೆ ಹೋಗಿ," ಎಂದರು. ಈ ಪ್ರಾಜೆಕ್ಟ್ ಎಂದರೆ ಅದೇ ಅತ್ತಿಗೆ. ಉದ್ಯಮದಲ್ಲಿ ನೀರು, ಸೋಪು, ಉರುವಲು ಎಲ್ಲಿ ಪೋಲಾಗುತ್ತಿದೆ ಎಂದು ಹುಡುಕಿ ಸರಿಪಡಿಸಬೇಕು. ಸರಿಪಡಿಸಲು ಏನೂ ಇಲ್ಲದಿದ್ದರೆ ಪ್ರಾಜೆಕ್ಟೂ ಇಲ್ಲ.

ನಿಮಗೆ ತಿಳಿಸಿದರೆ, ಮಾಡಿದ ಒಳ್ಳೆಯ ಕೆಲಸಕ್ಕೇ ನೀವು ನೊಂದುಕೊಳ್ಳುತ್ತೀರಿ ಎಂದು ಸುಮ್ಮನಿದ್ದೆ. ನಾನು ಹೊರಟು ಬಂದ ಮೇಲೆ ಚರಂಡಿಯ ನೀರನ್ನು ತಿಳಿಯಾಗಿಸಿದ್ದೀರಲ್ಲ, ನನ್ನ ನಿಟ್ಟುಸಿರು ಕೇಳಿಸಿಕೊಂಡೇ ಮಾಡಿದ್ದೀರಲ್ಲ, ಅದನ್ನು ದಿನಾ ನೆನೆಯುತ್ತೇನೆ. ಡಿಗ್ರಿ ಹೋದರೂ ಹೋಗಲಿ, ಅದೊಂದು ಆಯಿತಲ್ಲ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಡಬ್ಬಿ ಕಾರ್ಖಾನೆಯವರು ಗೇಟಿನೊಳಗೇ ಬಿಡುತ್ತಿಲ್ಲ. "ನೋಡಿ ಹೋಗಿ ಅದು ಸರಿಯಿಲ್ಲ ಇದು ಸರಿಯಿಲ್ಲ ಅಂತ ಬರೀತೀರಿ, ನಮಗ್ಯಾಕಮ್ಮ ಬೇಕು?" ಎನ್ನುತ್ತಾರೆ. ಈ ತಿಂಗಳ ಕಡೆಯ ತನಕ ಪ್ರಯತ್ನಿಸುತ್ತೇನೆ. ಆಗದಿದ್ದರೆ ಬಂದು ಮತ್ತೆ ಕೌಂಟರಿನಲ್ಲಿ ಕೂರುತ್ತೇನೆ. ಅದಕ್ಕೆ ನನಗೆ ಬೇಸರವಿಲ್ಲ.

ನಾಚಿಕೆ ಎಂಬ ಮಾತನ್ನು ಮಾತ್ರ ವಾಪಸ್ಸು ತೆಗೆದುಕೊಳ್ಳಿ.

ನಿಮ್ಮ ಇರುವೆ

*

೨೧ ನವೆಂಬರ್ ೨೦೨೨
ನಿನ್ನ ಹಾಸ್ಟೆಲಿನ ಜಗುಲಿಯಿಂದ

ಇರುವೆಯೇ, ನನ್ನ ತಂಗಿಯಂಥವಳೇ,

ಬಂದೆ. ನಿನ್ನ ಕೋಣೆಗೆ ಬೀಗ. ಡಬ್ಬಿ ಕಾರ್ಖಾನೆಯ ಗೇಟಿಗೆ ಹೋಗಿದ್ದೀಯಂತೆ. ಪಕ್ಕದ ಮಂಚದ ಹುಡುಗಿ ಕಾಗದ ಕೊಟ್ಟಳು. ಇದನ್ನು ಬಾಗಿಲ ಸಂದಿಯಲ್ಲಿ ತೂರಿಸಿ ಸಂಜೆಯ ಬಸ್ಸಿಗೆ ಹೊರಡುತ್ತೇನೆ. ಎದುರಿಗೆ ಸಿಗದಿದ್ದದ್ದೇ ಒಳ್ಳೆಯದಾಯಿತು. ಸಿಕ್ಕಿದ್ದರೆ ಬಾಯಿ ಬರುತ್ತಿರಲಿಲ್ಲ. ನನಗೆ! ಬಾಯಿ!

ಕೇಳು. ಆ ತಿಳಿನೀರು ಸುಳ್ಳು.

ಮೇಡಂ ಪರೀಕ್ಷೆ ಮಾಡಲು ಬರುತ್ತಾರೆ, ಲಾಂಡ್ರಿ ಕೊಳಕಾಗಿದ್ದರೆ ನಿನ್ನನ್ನು ಫೇಲು ಮಾಡುತ್ತಾರೆ ಎಂದೇ ನಾನು ತಿಳಿದೆ. ಒಗೆದಿಟ್ಟ ಬಟ್ಟೆಯನ್ನೇ ಅವರೆದುರು ಇನ್ನೊಮ್ಮೆ ಒಗೆದು ತೋರಿಸೋಣವೆಂದುಕೊಂಡರೆ, ಒಗೆದದ್ದನ್ನೆಲ್ಲ ಹಿಂದಿನ ಸಂಜೆಯೇ ವ್ಯಾನಿನವನು ಹೋಟೆಲುಗಳಿಗೆ ಒಯ್ದಿದ್ದ. ಆಗ ನಾನೂ ಇಸ್ತ್ರಿ ತಾತನೂ ಹೊಸದಾಗಿ ಬಂದ ಗಂಟುಗಳನ್ನೆಲ್ಲ ಬಿಚ್ಚಿ ನೆಲಕ್ಕೆ ಸುರಿದೆವು. ನೋಡಲು ಬೆಳ್ಳಗಿದ್ದವನ್ನು ಒಂದೊಂದಾಗಿ ಆರಿಸಿ ಗುಡ್ಡೆ ಹಾಕಿದೆವು. ಮೇಡಂ ಬಂದಾಗ ಅವನ್ನೇ ಮೆಷಿನ್ನಿಗೆ ಹಾಕಿ, ನೊರೆ ಬರಬಾರದೆಂದು ಚಿಟಿಕೆ ಸೋಪು, ತಣ್ಣೀರು. ಎಣ್ಣೆ ಹಿಡಿದ ಅಡುಗೆಮನೆಯ ಬಟ್ಟೆ, ಸಾರು ಚೆಲ್ಲಿದ ಮೇಜಿನ ಹಾಸು, ಆ ಪಾಪಿಗಳೆಲ್ಲ ಎಲ್ಲಿದ್ದವು ಗೊತ್ತೇ? ಅಡವಿಯ ಪರದೆಯ ಹಿಂದೆ! ಮೇಡಂ "ಎಷ್ಟು ಹಸಿರು" ಎಂದು ಕೈ ಚಾಚಿದಾಗ ನನ್ನ ಜೀವ ಬಾಯಿಗೆ ಬಂದಿತ್ತು. ನಿಮ್ಮಣ್ಣ ಮೊದಲೇ ಹೇಳಿದ್ದರು, "ಇದು ಬೇಡ ಕಣೇ" ಎಂದು. ನಾನು ಕೇಳಲಿಲ್ಲ.

ನಿನ್ನ ಪತ್ರ ಬಂದ ದಿನ ಅವರಿಗೆ ಓದಿ ಹೇಳಿದೆ. ಸುಮ್ಮನೆ ಎದ್ದು ಹಿತ್ತಲಿಗೆ ಹೋಗಿ, ಚರಂಡಿಯ ನಿಜವಾದ ನೀರನ್ನು ಒಂದು ಬಾಟಲಿಯಲ್ಲಿ ತುಂಬಿ ತಂದು ನನ್ನ ಕೈಗಿಟ್ಟರು. "ಹೋಗಿ ತೋರಿಸಿ ಬಾ" ಎಂದರು. ಮೂರು ತಿಂಗಳ ಮೇಲೆ ನನ್ನ ಜೊತೆ ಆಡಿದ ಮೊದಲ ಉದ್ದ ಮಾತು ಅದೇ.

ಬಸ್ಸಿನಲ್ಲಿ ಪಕ್ಕದ ಮುದುಕ, "ಕಷಾಯನಾ ಅಮ್ಮಾ?" ಎಂದು ಕೇಳಿದ. "ಹೌದು, ನಾನೇ ಕುಡೀಬೇಕಾಗಿರೋದು," ಎಂದೆ.

ನೇರವಾಗಿ ಮೇಡಂ ಕೋಣೆಗೆ ಹೋಗಿ ಬಾಟಲಿಯನ್ನು ಮೇಜಿನ ಮೇಲಿಟ್ಟೆ.

"ಮೇಡಂ, ಇದು ನಮ್ಮ ನಿಜವಾದ ನೀರು. ಅವತ್ತು ನೀವು ನೋಡಿದ್ದು ನಾಟಕದ ನೀರು."

ಅವರು ಬಾಟಲಿಯನ್ನು ನೋಡಿದರು, ನನ್ನನ್ನು ನೋಡಿದರು. "ಯಾಕೆ ಹಾಗೆ ಮಾಡಿದ್ರಿ?"

"ನಮ್ಮ ಹುಡುಗಿ ಫೇಲಾಗಬಾರದು ಅಂತ."

"ಕೊಳೆ ಇದ್ರೆ ತಾನೇ ಅವರಿಗೆ ಕೆಲಸ?"

"ಅದನ್ನ ನನಗೆ ಯಾರಾದ್ರೂ ಹೇಳಬೇಕಲ್ಲ ಮೇಡಂ! ನಾನು ಕಂಡಿರೋ ಪರೀಕ್ಷೆಗಳಲ್ಲಿ ಕೊಳಕಿಗೆ ಅಂಕ ಕೊಟ್ಟಿದ್ದು ಕಾಣೆ!"

ನಗಲಿಲ್ಲ ಆ ಮಹಾತಾಯಿ. ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ಆರಿಸಿದ್ದು, ಅಡಗಿಸಿದ್ದು, ಪರದೆ, ಎಲ್ಲ. ಕೇಳಿ ಕೇಳಿ ಕಡೆಗೆ ಕೇಳಿದ್ದು ಒಂದೇ ಪ್ರಶ್ನೆ. "ಆ ಬೆಳ್ಳಗಿರೋ ಬಟ್ಟೆ ಗುಡ್ಡೆ ಎಷ್ಟು ದೊಡ್ಡದಿತ್ತು?"

"ಬಂದಿದ್ರಲ್ಲಿ ಅರ್ಧಕ್ಕಿಂತ ಜಾಸ್ತಿ."

"ಚಿಟಿಕೆ ಸೋಪಲ್ಲಿ ಒಗೆದು ಕಳಿಸಿದ್ರಲ್ಲ, ಹೋಟೆಲಿನೋರು ಏನಂದ್ರು?"

"ಏನೂ ಅನ್ಲಿಲ್ಲ. ಅವರಿಗೆ ಗೊತ್ತೇ ಆಗ್ಲಿಲ್ಲ."

ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಸರಿ, ಹೋಗಿ ಬನ್ನಿ" ಎಂದರು. ಅಷ್ಟೇ. ನನ್ನ ಮೋಸ ಎಷ್ಟು ದೊಡ್ಡದೆಂದು ಅಳೆದುಕೊಂಡರು, ಕಳಿಸಿದರು. ನಿನ್ನ ಜಾಗ ಹೋಯಿತೆಂದು ಅವರ ಮುಖವೇ ಹೇಳುತ್ತಿತ್ತು. ಇನ್ನು ಬೇಡುವುದು ಹೇಗೆಂದು ತಿಳಿಯದೆ ಬಾಗಿಲ ತನಕ ಹಿಂದೆ ಹಿಂದೆ ನಡೆದು ಬಂದೆ.

ನೀನು ಹೋದ ಮೇಲೆ ನಾನು ಚರಂಡಿ ಸರಿಪಡಿಸಿದ್ದನ್ನು ದಿನಾ ನೆನೆಯುತ್ತೇನೆಂದು ಬರೆದಿದ್ದೆಯಲ್ಲ, ಆ ಸಾಲನ್ನು ಓದಲಾಗುತ್ತಿಲ್ಲ ಕಣೇ. ನಾಚಿಕೆ ಎಂಬ ಮಾತನ್ನು ವಾಪಸ್ಸು ತೆಗೆದುಕೊಂಡಿದ್ದೇನೆ. ಅದು ನನ್ನ ಹತ್ತಿರವೇ ಇರಲಿ.

ಅತ್ತಿಗೆ

*

೨೯ ನವೆಂಬರ್ ೨೦೨೨

ನನ್ನ ಮಹಾಮೋಸಗಾತಿ ಅತ್ತಿಗೆ!

ಅಡವಿಯ ಹಿಂದೆ ಎಣ್ಣೆ ಬಟ್ಟೆ! ಓದುವಾಗ ಮೊದಲು ಎಷ್ಟು ಸಿಟ್ಟು ಬಂತೆಂದರೆ ಕಾಗದವನ್ನು ಮಡಚಿ ದಿಂಬಿನಡಿ ಇಟ್ಟೆ. ಸ್ವಲ್ಪ ಹೊತ್ತಿಗೆ ನೀವು ಆ ಬಾಟಲಿ ಹಿಡಿದು ಬಸ್ಸಿನಲ್ಲಿ ಕುಳಿತದ್ದು ಕಣ್ಣಿಗೆ ಕಟ್ಟಿತು. ಆಮೇಲೆ ಸಿಟ್ಟು ಉಳಿಯಲಿಲ್ಲ.

ಈಗ ಕೂತುಕೊಂಡು ಓದಿ. ಮೇಡಂ ನಮ್ಮ ಲಾಂಡ್ರಿಯನ್ನು ಒಪ್ಪಿದರು. ಇವತ್ತು ಸಹಿ ಹಾಕಿದರು!

ಅವರು ಅಳೆದದ್ದು ನಿಮ್ಮ ಮೋಸವನ್ನಲ್ಲ ಅತ್ತಿಗೆ, ಆ ಗುಡ್ಡೆಯನ್ನು. ನಾವು ಇಷ್ಟು ವರ್ಷ ಏನು ಮಾಡುತ್ತಿದ್ದೆವು? ಹೋಟೆಲಿನ ಗಂಟು ಬಂದರೆ ಬಿಚ್ಚಿ ಹಾಗೇ ಮೆಷಿನ್ನಿಗೆ. ಒಂದೇ ಒಂದು ರಾತ್ರಿ ಮಲಗಿ ಎದ್ದ ಹಾಸಿಗೆಯ ಚಾದರಕ್ಕೂ, ಬಾಣಲೆ ಒರೆಸಿದ ಬಟ್ಟೆಗೂ ಅಷ್ಟೇ ಕುದಿನೀರು, ಅಷ್ಟೇ ಸೋಪು, ಅಷ್ಟೇ ಬ್ಲೀಚು. ಅತಿ ಕೊಳಕಾದದ್ದಕ್ಕೆ ಬೇಕಾದದ್ದನ್ನು ಎಲ್ಲಕ್ಕೂ ಸುರಿಯುತ್ತಿದ್ದೆವು. ನಮ್ಮ ನೊರೆಯಲ್ಲಿ ಅರ್ಧ ನೊರೆ ಯಾವ ಕೊಳೆಗೂ ಬೇಕಾಗಿರಲೇ ಇಲ್ಲ. ಮೋಸ ಮಾಡುವುದಕ್ಕಾಗಿ ನೀವು ಮೊದಲ ಸಲ ವಿಂಗಡಿಸಿದಿರಿ. ಅದನ್ನೇ ದಿನಾ ನಿಜವಾಗಿ ಮಾಡಿದರೆ?

ಮೇಡಂ ಹೇಳಿದ್ದು: "ನಿಮ್ಮ ಅತ್ತಿಗೆ ಒಂದು ದಿನ ಆಡಿದ್ದನ್ನ ನೀವು ಡಿಗ್ರಿ ಮುಗಿಯೋ ತನಕ ನಡೆಸಿ ತೋರಿಸಿ."

ತಪ್ಪು ನನ್ನದೂ ಇದೆ. ನಮ್ಮ ಲಾಂಡ್ರಿ ಕೊಳಕಾಗಿದೆ, ಅದಕ್ಕೇ ಆರಿಸಿಕೊಂಡೆ ಎಂದು ಜುಲೈ ತಿಂಗಳಲ್ಲೇ ಬರೆಯಬೇಕಿತ್ತು. ನೀವು ನೊಂದುಕೊಳ್ಳುತ್ತೀರೆಂದು "ಹೇಗಿದೆಯೋ ಹಾಗೇ" ಎಂದು ಮರ್ಯಾದೆಯ ಮಾತು ಬರೆದೆ. ಇನ್ನು ನಮ್ಮಿಬ್ಬರ ನಡುವೆ ಮರ್ಯಾದೆ ಸ್ವಲ್ಪ ಕಡಿಮೆ ಇರಲಿ, ಆಗಬಹುದೇ?

ಅಣ್ಣನಿಗೆ ಹೇಳಿ, ಆ ಬಾಟಲಿ ಮೇಡಂ ಕಪಾಟಿನಲ್ಲಿದೆ.

ನಿಮ್ಮ ಇರುವೆ

*

೩ ಆಗಸ್ಟ್ ೨೦೨೩

ಇರುವೆಯೇ, ಕೇಳುವಂಥವಳಾಗು!

ರಜೆಯಲ್ಲಿ ನೀನು ಬಂದು ಹಾಕಿಸಿ ಹೋದ ಉದ್ದನೆಯ ಮೇಜು ಈಗ ನ್ಯಾಯಾಲಯವಾಗಿದೆ. ನ್ಯಾಯಾಧೀಶ ಇಸ್ತ್ರಿ ತಾತ. ಇಸ್ತ್ರಿಯನ್ನು ಅವನ ಸೊಸೆಗೆ ಬಿಟ್ಟುಕೊಟ್ಟು, ಬೆಳಗಿನಿಂದ ಒಂದೊಂದು ಚಾದರವನ್ನೂ ಬೆಳಕಿಗೆ ಹಿಡಿದು ತೀರ್ಪು ಕೊಡುತ್ತಾನೆ. ಮೂರು ಗುಡ್ಡೆ: ನಿರಪರಾಧಿ, ಪುಂಡ, ಮಹಾಪಾಪಿ. ನಿರಪರಾಧಿಗೆ ತಣ್ಣೀರು, ಸ್ವಲ್ಪವೇ ಸೋಪು, ಬೇಗ ಬಿಡುಗಡೆ. ಮಹಾಪಾಪಿಗೆ ಮಾತ್ರ ಕುದಿಯುವ ಶಿಕ್ಷೆ. ನಿಮ್ಮಣ್ಣ ಬಾಯ್ಲರನ್ನು ಮಧ್ಯಾಹ್ನದ ಮೇಲೆ ಹಚ್ಚುತ್ತಾರೆ. ಬೆಳಗೆಲ್ಲ ಬಾಗಿಲಲ್ಲಿ ನಿಂತು ಗಾಳಿ ತೆಗೆದುಕೊಳ್ಳುತ್ತಾರೆ. ಮಾತೂ ಶುರುವಾಗಿದೆ.

ಎಲ್ಲ ಸುಸೂತ್ರ ಎಂದು ತಿಳಿಯಬೇಡ. ಮೊದಲ ತಿಂಗಳು ಒಂದು ದಿಂಬಿನ ಕವರು ಹೊರಗೆ ಹಾಲಿನ ಹಾಗಿತ್ತು, ಒಳಗೆ ತುಟಿಯ ಬಣ್ಣ! ತಾತ ಬಿಡುಗಡೆ ಮಾಡಿಬಿಟ್ಟಿದ್ದ. ಹೋಟೆಲಿನ ಮ್ಯಾನೇಜರ್ ಅದನ್ನು ಎರಡು ಬೆರಳಲ್ಲಿ ಹಿಡಿದು ಬಂದ. "ಇದೇನಮ್ಮಾ ಹೊಸ ಪದ್ಧತಿ? ನೀರು ಉಳಿಸೋಕೆ ಹೋಗಿ ನನ್ನ ಗಿರಾಕಿ ಕಳೀತೀರಾ?" ಮೊದಲಿನ ನಾನಾಗಿದ್ದರೆ ಅವನಿಗೆ ಒಂದು ಪ್ರಸಂಗ ಕಟ್ಟಿ ಹೇಳುತ್ತಿದ್ದೆ. "ತಪ್ಪಾಯ್ತು. ಇನ್ನು ಮೇಲೆ ಕವರುಗಳನ್ನ ಒಳಗು ಹೊರಗು ಮಾಡಿ ನೋಡ್ತೀವಿ," ಎಂದೆ. ಅವನು ಟೀ ಕುಡಿದು ಹೋದ. ಈಗ ಅವನೇ ಅಡುಗೆಮನೆಯ ಬಟ್ಟೆಯನ್ನು ಬೇರೆ ಗಂಟಿನಲ್ಲಿ ಕಟ್ಟಿಸಿ ಕಳಿಸುತ್ತಾನೆ.

ಮೊನ್ನೆ ಟೈಲರ್ ರಸ್ತೆಯಾಚೆಯಿಂದ ಕೂಗಿದ, "ಏನಮ್ಮಾ, ಇವತ್ತು ರಜಾನಾ? ಚರಂಡೀಲಿ ನೊರೆನೇ ಇಲ್ವಲ್ಲ!" ಒಳಗೆ ಹೋಗಿ ಚಾದರದಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ನಿರಪರಾಧಿ ಚಾದರ, ಅದನ್ನು ಪುಂಡರ ಗುಡ್ಡೆಗೆ ಹಾಕಬೇಕಾಯಿತು.

ಒಂದೇ ಒಂದು ಬೇಡಿಕೆ. ನೀನು ಪ್ರಾಜೆಕ್ಟಿನ ವರದಿ ಬರೆಯಲು ಹೊರಟಿದ್ದೀಯಂತೆ. ಅದರಲ್ಲಿ ಪರದೆಯ ಕಥೆ ಬೇಡ ಕಣೇ. ವಿಂಗಡಿಸುವ ಯೋಚನೆ ನಿನಗೇ ಹೊಳೆಯಿತೆಂದು ಬರೆದುಕೋ, ನಾನು ಸಂತೋಷವಾಗಿ ಕೊಡುತ್ತೇನೆ. ಅಚ್ಚಾಗಿ, ರಟ್ಟು ಹಾಕಿಸಿಕೊಂಡು, ನಾಲ್ಕು ಜನ ಓದುವ ಕಡೆ ನಿನ್ನ ಅತ್ತಿಗೆ ಮೋಸಗಾತಿ ಎಂದು ಇರುವುದು ಬೇಡ.

ನಿನ್ನ ಅತ್ತಿಗೆ

*

೧೬ ಮೇ ೨೦೨೪

ಪ್ರೀತಿಯ ಅತ್ತಿಗೆ,

ಪಾಸಾದೆ.

ಇದಕ್ಕಿಂತ ದೊಡ್ಡದಾಗಿ ಬರೆಯಲು ನನಗೆ ಬರುವುದಿಲ್ಲ. ನೀವೇ ದೊಡ್ಡದು ಮಾಡಿಕೊಂಡು ಓದಿಕೊಳ್ಳಿ.

ನಿಮ್ಮ ಬೇಡಿಕೆಯನ್ನು ನಡೆಸಿಕೊಡಲಾಗಲಿಲ್ಲ. ಎಷ್ಟೋ ಸಲ ಪ್ರಯತ್ನಿಸಿದೆ. ಪರದೆಯ ಭಾಗವನ್ನು ತೆಗೆದು ಬರೆದರೆ ವಿಂಗಡಣೆ ನನ್ನ ತಲೆಗೆ ಆಕಾಶದಿಂದ ಬಿದ್ದ ಹಾಗೆ ಕಾಣುತ್ತಿತ್ತು. ಹಾಗೇ ಇಟ್ಟೆ.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಹಿರಿಯರೊಬ್ಬರು ಅದೇ ಪುಟವನ್ನು ತೆರೆದಿಟ್ಟುಕೊಂಡಿದ್ದರು.

"ಏನಮ್ಮ ಇದು? ಗೈಡಿಗೇ ಮೋಸ ಮಾಡಿದ್ದನ್ನ ವರದೀಲಿ ಬರೆದಿದೀರಿ? ನೋಡೋಕೆ ಚೆನ್ನಾಗಿಲ್ಲ. ಇದೊಂದು ಪುಟ ತೆಗೆದುಕೊಡಿ, ಉಳಿದಿದ್ದಕ್ಕೆ ಸಹಿ ಹಾಕೋಕೆ ನಮಗೂ ಸುಲಭ."

ಅತ್ತಿಗೆ, ತೆಗೆಯುತ್ತೇನೆ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. "ಸರ್, ಇಲ್ಲಿ ಮೊದಲ ದಿನ ಕಲಿಸಿದ್ದೇ ಇದು. ಬರೆಯದೇ ಬಿಟ್ಟ ಖರ್ಚನ್ನ ಬೇರೆ ಯಾರೋ ಹೊರ್ತಾರೆ. ಈ ಪುಟ ತೆಗೆದ್ರೆ ಅದನ್ನ ನಮ್ಮ ಅತ್ತಿಗೆ ಒಬ್ಬರೇ ಹೊರಬೇಕಾಗತ್ತೆ. ತಪ್ಪು ಮಾಡಿದ್ದು ಅವರು, ದಾರಿ ತೋರಿಸಿದ್ದೂ ಅವರೇ. ಒಂದನ್ನ ಬಿಟ್ಟು ಇನ್ನೊಂದನ್ನ ಬರೆಯೋಕೆ ಆಗಲ್ಲ," ಎಂದೆ.

ಹೊರಗೆ ಹೋಗಿ ಕಾಯಲು ಹೇಳಿದರು. ಆ ಪಡಸಾಲೆಯಲ್ಲಿ ಕುಳಿತು, ಸರಿ, ಕೌಂಟರಿಗೆ ವಾಪಸ್ಸು ಎಂದೇ ತೀರ್ಮಾನಿಸಿಕೊಂಡೆ. ಬಾಗಿಲು ತೆರೆದಾಗ ಆ ಹಿರಿಯರೇ ಹೊರಗೆ ಬಂದರು. "ಪುಟ ಇರಲಿ. ಆ ಅಡವಿ ಪರದೆ ಇನ್ನೂ ಇದ್ಯಾ?" ಎಂದು ಕೇಳಿದರು. ಹಿಂದೆ ಮೇಡಂ ನಿಂತಿದ್ದರು. ಎರಡು ವರ್ಷದಲ್ಲಿ ಮೊದಲ ಸಲ ಅವರ ಹಲ್ಲು ನೋಡಿದೆ.

ಇನ್ನೊಂದು ಸುದ್ದಿ. ನಮ್ಮಂಥ ಸಣ್ಣ ಲಾಂಡ್ರಿಗಳಿಗೆ ಹೋಗಿ ಇದನ್ನೇ ಹೇಳಿಕೊಡುವ ಕೆಲಸ ಸಿಕ್ಕಿದೆ. ಮೊದಲು ನಮ್ಮ ಊರಿನಿಂದಲೇ ಶುರು.

ವರದಿಯ ಒಂದು ಪ್ರತಿಯನ್ನು ಇದರ ಜೊತೆ ಕಳಿಸಿದ್ದೇನೆ. ಓದಿ ನಿಮಗೆ ಸಿಟ್ಟು ಬಂದರೆ ಬರಲಿ. ನನ್ನನ್ನು ಬಸ್ಸು ಹತ್ತಿಸಿದವರು ನೀವು. ಈಚೆಗೆ ಯಾರು ಏನು ಕೇಳಿದರೂ ನನ್ನ ಮಾತು ಅಲ್ಲಿಂದಲೇ ಶುರುವಾಗುತ್ತದೆ.

ನಿಮ್ಮ ಇರುವೆ

*

೨೫ ಮೇ ೨೦೨೪

ಮಗಳೇ,

ಪುಸ್ತಕ ಬಂತು.

ಮೊದಲು ಒಬ್ಬಳೇ ಓದಿದೆ. ನನ್ನ ಪುಟಕ್ಕೆ ಬಂದಾಗ ಮುಚ್ಚಿ ಕಪಾಟಿನಲ್ಲಿಟ್ಟು, ಹೋಗಿ ಬಟ್ಟೆ ಮಡಚಿದೆ. ಮನಸ್ಸು ನಿಲ್ಲಲಿಲ್ಲ. ಮತ್ತೆ ತೆಗೆದೆ. ಏನೂ ಕೂಡಿಸಿಲ್ಲ, ಏನೂ ಕಳೆದಿಲ್ಲ. ಬಂದದ್ದು ಬಂದ ಹಾಗೇ ಬರೆದಿದ್ದೀಯ. ಹುಟ್ಟಿದಾಗಿನಿಂದ ಪಾರ್ಟು ಮಾಡಿದವಳು ನಾನು. ವೇಷವಿಲ್ಲದೆ ನನ್ನನ್ನು ಯಾರಾದರೂ ಬರೆದರೆ ಹೇಗಿರುತ್ತದೆಂದು ಗೊತ್ತಿರಲಿಲ್ಲ. ಅಷ್ಟೇನೂ ಕೆಟ್ಟದಾಗಿಲ್ಲ.

ಇವತ್ತು ಮಧ್ಯಾಹ್ನ ನಿಮ್ಮಣ್ಣ ಮೆಷಿನ್ನುಗಳನ್ನೆಲ್ಲ ನಿಲ್ಲಿಸಿದರು. ಎಲ್ಲರೂ ಮೇಜಿನ ಸುತ್ತ ಕುಳಿತರು. ಟೈಲರ್ ಕೂಡ ಬಂದ, ಕರೆಯದೆ. ನಿಂತುಕೊಂಡು ಓದಲು ಶುರು ಮಾಡಿದೆ. ನೀರಿನ ಲೆಕ್ಕ ಬಂತು, ಉರುವಲಿನ ಲೆಕ್ಕ ಬಂತು, ಎಲ್ಲರೂ ತಲೆಯಾಡಿಸಿದರು. ಆ ಪುಟ ಹತ್ತಿರವಾದಂತೆ ದನಿ ಇಳಿಯತೊಡಗಿತು. ಇದೊಂದನ್ನು ಮೆಲ್ಲಗೆ, ಬಾಯೊಳಗೇ ಓದಿ ಮುಗಿಸಿಬಿಡೋಣವೆಂದುಕೊಂಡೆ.

"ಕೇಳಿಸ್ತಿಲ್ಲ," ಎಂದರು ನಿಮ್ಮಣ್ಣ.

ಉಸಿರೆಳೆದುಕೊಂಡು, ರಸ್ತೆಯಾಚೆಗೂ ಕೇಳುವ ಹಾಗೆ ಓದಿದೆ.

ಅತ್ತಿಗೆ